ಕೈಮಾತಿಗೆ ಸಿಗದ ದಾರಿ

ನಮ್ಮ ಮನೆಯಲ್ಲಿ ಇಬ್ಬರು ಗುಟ್ಟಿನ ಮಾತಿಗೆ ಕುಳಿತರೆ ಮೂರನೆಯವರು ಬೆನ್ನು ತಿರುಗಿಸಿ ಕೂರಬೇಕಿತ್ತು. ಬೇರೆ ಮನೆಗಳಲ್ಲಿ ದನಿ ತಗ್ಗಿಸಿದರೆ ಸಾಕು. ನಮ್ಮಲ್ಲಿ ಅದು ನಡೆಯುತ್ತಿರಲಿಲ್ಲ, ಯಾಕೆಂದರೆ ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಬಾಯಿಂದ ಮಾತೂ ಬಾರದು. ಅವಳ ಮಾತೆಲ್ಲ ಕೈಯಲ್ಲಿ. ಆ ಕೈಮಾತನ್ನು ಅವಳಿಗೆ ಕಲಿಸಿದ್ದು ಯಾವ ಶಾಲೆಯೂ ಅಲ್ಲ, ಅವ್ವ. ರೊಟ್ಟಿ ಬಡಿಯುತ್ತ, ನೀರು ತುಂಬುತ್ತ, ಅವಳೂ ಇವಳೂ ಸೇರಿ ಕಟ್ಟಿದ ಭಾಷೆ ಅದು. ಎರಡೂ ಅಂಗೈ ಮೇಲಕ್ಕೆತ್ತಿದರೆ ಡ್ಯಾಮಿನ ಗೇಟು, ಅಂದರೆ ನಮ್ಮ ಮನೆ. ಬೆರಳ ತುದಿಯಲ್ಲಿ ಅಕ್ಕಿ ಉಜ್ಜಿದರೆ ಕಂಪ್ಲಿ. ಹುಬ್ಬಿನ ಮೇಲಿನ ಕೆಂಪು ಧೂಳು ಒರೆಸಿಕೊಂಡರೆ ಸಂಡೂರು. ಹುಬ್ಬು ಗಂಟಿಕ್ಕಿ ಎರಡು ಬೆರಳು ಅಲ್ಲಿಟ್ಟರೆ ನಾನು. ನನ್ನ ಸಿಟ್ಟನ್ನೇ ನನ್ನ ಹೆಸರು ಮಾಡಿದ್ದರು ಇಬ್ಬರೂ ಸೇರಿ, ನಾನೂ ಅದಕ್ಕೆ ಎಂದೂ ತಕರಾರು ಮಾಡಲಿಲ್ಲ.

ಆ ಭಾಷೆಯಲ್ಲಿ ಜಗಳವೂ ಇತ್ತು. ಕೋಪ ಬಂದರೆ ತಂಗಿ ಕಣ್ಣು ಮುಚ್ಚಿಬಿಡುತ್ತಿದ್ದಳು. ಅಷ್ಟೇ. ಕಣ್ಣು ಮುಚ್ಚಿದವಳಿಗೆ ಯಾರೂ ಏನೂ ಹೇಳುವಂತಿಲ್ಲ, ಎಷ್ಟು ಕೈ ಆಡಿಸಿದರೂ ಗಾಳಿಗೆ ಹೋಯಿತು. ಉಳಿದವರು ಮಾತು ಬಿಟ್ಟರೆ ಕಿವಿಗಾದರೂ ನಾಲ್ಕು ಮಾತು ತುರುಕಬಹುದು. ಇವಳದು ಕದ ಹಾಕಿ ಅಗುಳಿ ಜಡಿದ ಹಾಗೆ. ಅವ್ವ ಮಾತ್ರ ಎದುರಿಗೇ ಕೂತು, ಅವಳು ಕಣ್ಣು ತೆರೆಯುವ ತನಕ ಕಾಯುತ್ತಿದ್ದಳು. ಕಾಯುವುದರಲ್ಲಿ ಅವ್ವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ತಂಗಿಯನ್ನು ಎಮ್ಮಿಗನೂರಿಗೆ ಕೊಟ್ಟೆವು. ಗದ್ದೆ ಮಾಡಿಕೊಂಡಿರುವ ಮನೆ, ಒಳ್ಳೆಯ ಹುಡುಗ. ಅವನಿಗೆ ಕಿವಿ ಕೇಳಿಸುತ್ತದೆ, ಆದರೂ ಒಂದು ವರ್ಷದೊಳಗೆ ಅವಳ ಕೈಮಾತು ಅರ್ಧಕ್ಕರ್ಧ ಕಲಿತ. ನಾನು ಮದುವೆಯಾಗಲಿಲ್ಲ, ಕಾಲುವೆ ಕಚೇರಿಯಲ್ಲಿ ಕೆಲಸ, ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಅವ್ವ ಮತ್ತು ನಾನು. ಫೋನಿನಲ್ಲಿ ಮುಖ ನೋಡುವ ಕಾಲ ಬಂದದ್ದು ಜಗತ್ತಿಗೆಲ್ಲ ಒಂದು ಸೌಕರ್ಯ, ನಮಗೆ ಅದು ಪುನರ್ಜನ್ಮ. ತಂಗಿ ದಿನವೂ ಸಂಜೆ ಮಾಳಿಗೆ ಹತ್ತುತ್ತಿದ್ದಳು, ಅಲ್ಲಿ ಸಿಗ್ನಲ್ ಚೆನ್ನಾಗಿತ್ತು. ಅವ್ವ ಮತ್ತು ಅವಳು ಊಟದ ಹೊತ್ತಿನವರೆಗೆ ಕೈಯಾಡಿಸುತ್ತಿದ್ದರು. ನಾನು ಫೋನನ್ನು ಡಬ್ಬಿಗೆ ಆನಿಸಿಟ್ಟು, ರೂಢಿಯಂತೆ ಬೆನ್ನು ತಿರುಗಿಸಿ ಒಲೆ ಮುಂದೆ ನಿಲ್ಲುತ್ತಿದ್ದೆ. ಅವರಿಬ್ಬರ ಮಾತು ಅವರಿಬ್ಬರದೇ.

ಮೊದಲು ಬಿದ್ದವಳು ಅವ್ವ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಆದರೆ ಎದ್ದು ಓಡಾಡುವುದು ದೂರದ ಮಾತಾಯಿತು. ಮುಂದಿನ ತಿಂಗಳೇ ತಂಗಿಗೂ ಮಂಚ ಹಿಡಿಯುವ ಪಾಳಿ. ಮೊದಲ ಬಸಿರು ನಿಂತಿರಲಿಲ್ಲ. ಈ ಸಲದ್ದನ್ನು ಉಳಿಸಿಕೊಳ್ಳಬೇಕಾದರೆ ಕದಲಬಾರದು, ಬಸ್ಸು ಹತ್ತಬಾರದು, ಮೆಟ್ಟಿಲಂತೂ ಬೇಡವೇ ಬೇಡ ಎಂದರು ಡಾಕ್ಟರು. ಇಲ್ಲಿ ಒಬ್ಬಳು ಮಲಗಿದ್ದಾಳೆ, ಅಲ್ಲಿ ಒಬ್ಬಳು. ನಡುವೆ ಅರ್ಧ ದಿನದ ದಾರಿಯೂ ಇಲ್ಲ, ಆದರೆ ಇಬ್ಬರಲ್ಲಿ ಯಾರೂ ಅದನ್ನು ದಾಟುವಂತಿರಲಿಲ್ಲ.

ಮಾಳಿಗೆ ತಪ್ಪಿದ ಮೇಲೆ ಸಿಗ್ನಲ್ಲೂ ತಪ್ಪಿತು. ಆ ಮನೆಯ ಒಳಗೆ ಮೊಬೈಲು ಬರೀ ಧ್ವನಿಗೆ ಸಾಲುತ್ತದೆ, ಚಿತ್ರಕ್ಕೆ ಸಾಲದು. ಹಾಗಾಗಿ ತಂಗಿಯ ಗಂಡ ಕಂಪ್ಲಿಯ ಕೇಬಲ್ಲಿನವರಿಂದ ಇಂಟರ್ನೆಟ್ ಲೈನು ಎಳೆಸಿದ. ಅವಳಿಗೋಸ್ಕರವೇ ಎಳೆಸಿದ್ದು. ಅದರ ಜೊತೆಗೆ ಸಿನಿಮಾ, ಕ್ರಿಕೆಟ್ಟು, ಸೀರಿಯಲ್ಲು ಎಲ್ಲ ಬಂದವು. ಅವನು ಖುಷಿಯಿಂದ ನನಗೆ ಫೋನು ಮಾಡಿದ್ದ. "ಅಕ್ಕಾರ, ನೆಟ್ ಮಸ್ತ್ ಐತ್ರಿ. ಸಿನಿಮಾ ಹಚ್ಚಿದ್ರ ಒಂದ್ ಸಲನೂ ನಿಂದ್ರಂಗಿಲ್ಲ. ಇನ್ ಆಕಿ ಅವ್ವನ್ ಕೂಡ ಎಷ್ಟಾರ ಮಾತಾಡ್ಲಿ."

ಜಗಳ ಹುಟ್ಟಿದ್ದು ಕುಬಸದ ವಿಷಯಕ್ಕೆ. ಬಸುರಿಗೆ ತವರಿನವರು ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಹೆರಿಗೆಗೆ ಮನೆಗೆ ಕರೆದುಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ತಂಗಿ ಮಂಚದ ಮೇಲೆ ಮಲಗಿದ್ದರೂ ಅದನ್ನೇ ಧೇನಿಸುತ್ತಿದ್ದಳು. ಏಳು ತುಂಬಲಿ, ಡಾಕ್ಟರು ಹೂಂ ಅನ್ನಲಿ, ಬಂದುಬಿಡುತ್ತೇನೆ ಎಂದು ಅವ್ವನಿಗೆ ಹೇಳುತ್ತಿದ್ದಳಂತೆ. ಒಂದು ಸಂಜೆ ಅವ್ವ ಬೇಡ ಎಂದಳು. ಈ ಸಲ ಇಲ್ಲಿಗೆ ಬರಬೇಡ, ಅಲ್ಲೇ ಹಡೆ, ನಾನೇ ಇನ್ನೊಬ್ಬರ ಕೈಯಲ್ಲಿದ್ದೇನೆ, ನಿನ್ನನ್ನು ಯಾರು ನೋಡಬೇಕು ಎಂದಳು. ಮಗಳ ಒಳ್ಳೆಯದಕ್ಕೇ ಹೇಳಿದ್ದು. ಆದರೆ ತವರಿನ ಬಾಗಿಲು ಮುಚ್ಚಿತು ಎಂದು ಹೆಣ್ಣುಮಕ್ಕಳಿಗೆ ಅನ್ನಿಸುವುದು ಇಂಥ ಮಾತಿನಲ್ಲೇ. ತಂಗಿ ಕಣ್ಣು ಮುಚ್ಚಿದಳು. ಅವ್ವ ಕಾದಳು, ಕಾದಳು, ಕೊನೆಗೆ ನನ್ನನ್ನು ಕರೆದು ಫೋನು ತೆಗೆ ಎಂದಳು.

"ಸಿಟ್ಟಾಗ್ಯಾಳ. ನಾಳಿಗೆ ಸರಿ ಹೊಕ್ಕಾಳ ಬಿಡು," ಎಂದು ನಗುತ್ತಲೇ ಹೇಳಿದಳು.

ನಾಳೆ ಸರಿಹೋಗಲಿಲ್ಲ. ನಾಡಿದ್ದೂ ಸರಿಹೋಗಲಿಲ್ಲ. ನಾನು ಸಂಜೆ ಕಚೇರಿಯಿಂದ ಬಂದು, ಫೋನು ಹಚ್ಚಿ, ಆ ಕಡೆ ತಂಗಿಯ ಮುಖ ಮೂಡಿದ್ದು ಕಂಡು, ಕೈ ಬೀಸಿ, ಡಬ್ಬಿಗೆ ಆನಿಸಿಟ್ಟು ಬೆನ್ನು ತಿರುಗಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವ್ವನ ನಿಟ್ಟುಸಿರು ಕೇಳುತ್ತಿತ್ತು. "ಇವತ್ತೂ ಕಣ್ ಮುಚ್ಚಿದ್ಲು." ನಾಲ್ಕು ಮಾತು ಆಡುತ್ತಾಳೆ, ನಡುವೆಯೇ ಕೈ ನಿಲ್ಲಿಸಿ ಕಣ್ಣು ಮುಚ್ಚುತ್ತಾಳೆ, ಆಮೇಲೆ ಯಾವಾಗಲೋ ತೆರೆದು ಬೇರೇನೋ ಹೇಳುತ್ತಾಳೆ, ಮತ್ತೆ ಮುಚ್ಚುತ್ತಾಳೆ. ಅವ್ವ ಹೇಳುತ್ತಿದ್ದುದು ಇದೇ. ನನಗೆ ಮೈ ಉರಿಯುತ್ತಿತ್ತು. ಮುರಿದ ಸೊಂಟದ ಮುದುಕಿಯನ್ನು ಹೀಗೆ ಗೋಳುಹೊಯ್ದುಕೊಳ್ಳುವುದೆಂದರೇನು?

ಲೈನು ಕೆಟ್ಟಿರಬಹುದೇ ಎಂಬ ಅನುಮಾನ ನನಗೂ ಬಂದಿತ್ತು. ತಂಗಿಯ ಗಂಡನನ್ನು ಕೇಳಿದೆ. "ಏನೂ ತೊಂದ್ರಿ ಇಲ್ರಿ ಅಕ್ಕಾರ, ಈಗೂ ಮ್ಯಾಚ್ ನೋಡಾಕತ್ತೀನಿ," ಎಂದ. ನೆಟ್ಟಿನ ವೇಗ ಅಳೆಯುವುದಕ್ಕೆ ಫೋನಿನಲ್ಲೇ ಒಂದು ಉಪಾಯವಿದೆಯಲ್ಲ, ಅದನ್ನೂ ಮಾಡಿಸಿದೆ. ಮುಳ್ಳು ಆ ತುದಿಗೆ ಹೋಗಿ ನಿಂತಿದೆ ಎಂದು ಫೋಟೊ ತೆಗೆದು ಕಳಿಸಿದ. ಅಲ್ಲಿಗೆ ನನ್ನ ಅನುಮಾನ ಮುಗಿಯಿತು. ಸಿನಿಮಾ ನಡೆಯುತ್ತಿದೆ, ಮುಳ್ಳು ತುದಿಯಲ್ಲಿದೆ, ಇನ್ನು ಕೆಟ್ಟಿರುವುದು ಮನುಷ್ಯರೇ ತಾನೆ?

ನನ್ನ ಲೆಕ್ಕ ತಪ್ಪಿತ್ತೆಂದು ತಿಳಿದದ್ದು ಆಮೇಲೆ. ಬಾಯಿಂದ ಮಾತಾಡುವವರಿಗೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಚಿತ್ರ ನಿಂತರೂ ಅವರಿಗೆ ಧ್ವನಿ ಬರುತ್ತದೆ, ಹಲೋ ಹಲೋ ಕೇಳ್ತೈತಾ ಎನ್ನುತ್ತಾರೆ, ಕಟ್ ಮಾಡಿ ಮತ್ತೆ ಹಚ್ಚುತ್ತಾರೆ. ನಮ್ಮಲ್ಲಿ ಹಲೋ ಎನ್ನುವವರು ಯಾರು? ನಿಂತ ಚಿತ್ರಕ್ಕೂ ಮಾತು ಬಿಟ್ಟ ಮನುಷ್ಯನಿಗೂ ನಮ್ಮಲ್ಲಿ ವ್ಯತ್ಯಾಸವಿರಲಿಲ್ಲ. ನೋಡಿ ಗುರುತಿಸಬಹುದಾಗಿದ್ದವಳು ನಾನೊಬ್ಬಳು, ನಾನು ಮರ್ಯಾದೆಯಿಂದ ಒಲೆಯ ಕಡೆ ಮುಖ ಮಾಡಿ ನಿಂತಿದ್ದೆ. ಅಲ್ಲಿ ತಂಗಿಯ ಗಂಡನೂ ಅಷ್ಟೇ ಮರ್ಯಾದಸ್ಥ, ನಮ್ಮಿಂದಲೇ ಕಲಿತವನು. ಹೆಂಡತಿ ಅವ್ವನೊಂದಿಗೆ ಮಾತಾಡಲಿ ಎಂದು ಪಡಸಾಲೆಗೆ ಹೋಗಿ ಸಿನಿಮಾ ನೋಡುತ್ತಿದ್ದ.

ಅವ್ವ ಊಟ ಕಡಿಮೆ ಮಾಡಿದಳು. ಕಾಲಿನ ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆಗೆ ನಾಳೆ ಬಾ, ನಾಳೆ ಬಾ ಎನ್ನತೊಡಗಿದಳು. ಒಂದು ಸಂಜೆ ನಾನು ಫೋನು ತೆಗೆದುಕೊಂಡು ಹತ್ತಿರ ಹೋದರೆ ಗೋಡೆಗೆ ಮುಖ ಮಾಡಿದಳು. "ಇಡಬ್ಯಾಡ. ಆಕೀಗೆ ನನ್ನ ಮಾರಿ ನೋಡಾಕ ಮನಸಿಲ್ಲ. ಬಲವಂತ ಯಾಕ ಮಾಡಬೇಕು?" ಅವ್ವ ಕಾಯುವುದನ್ನು ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಹೆದರಿಕೆಯಾಯಿತು. ಈ ಜಗಳ ಬಿಡಿಸದಿದ್ದರೆ ಅವ್ವ ಉಳಿಯುವುದಿಲ್ಲ ಎಂದು ಆಗಲೇ ಅನ್ನಿಸಿತ್ತು.

ಭಾನುವಾರ ಪಕ್ಕದ ಕ್ವಾರ್ಟರ್ಸಿನ ಗೆಳತಿಯನ್ನು ಅವ್ವನ ಹತ್ತಿರ ಕೂರಿಸಿ ಎಮ್ಮಿಗನೂರಿಗೆ ಹೊರಟೆ. ಬಸ್ಸಿನಲ್ಲಿ ಕೂತು ತಂಗಿಗೆ ಯಾವ ಯಾವ ಮಾತು ಆಡಬೇಕೋ ಎಲ್ಲವನ್ನೂ ಜೋಡಿಸಿಕೊಂಡೆ. ಕಿಟಕಿಯ ಆಚೆ ನಾಟಿ ಮಾಡಿದ ಗದ್ದೆ, ಕಬ್ಬಿನ ಟ್ರಾಕ್ಟರು, ಏನೂ ಕಣ್ಣಿಗೆ ಬೀಳಲಿಲ್ಲ. ಮನೆಯೊಳಗೆ ಕಾಲಿಟ್ಟರೆ ಅವಳು ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ಮುಖ ಬಾಡಿತ್ತು. ನಾನು ಕೈ ಎತ್ತುವ ಮೊದಲೇ ಅವಳ ಕೈಗಳು ಓಡತೊಡಗಿದವು. ಅವ್ವ ಯಾಕೆ ದಿನಾಲೂ ನನಗೆ ಕಣ್ಣು ಮುಚ್ಚುತ್ತಾಳೆ? ನಾನು ಅವತ್ತೇ ಸಿಟ್ಟು ಬಿಟ್ಟೆನಲ್ಲ. ತಪ್ಪಾಯಿತು ಎಂದು ದಿನಾಲೂ ಹೇಳುತ್ತಿದ್ದೇನೆ. ಹೇಳುತ್ತಿರುವಾಗಲೇ ಕಣ್ಣು ಮುಚ್ಚುತ್ತಾಳೆ. ಈಗ ಫೋನೂ ಎತ್ತುತ್ತಿಲ್ಲ. ನಾನೇನು ಅಂಥಾದ್ದು ಮಾಡಿದೆ?

ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಅಲ್ಲೇ ಇಂಗಿಹೋದವು. ಅವಳ ಕಾಲ ಹತ್ತಿರ ಕೂತೆ.

ಸಂಜೆಯಾಗಲಿ ಎಂದು ಕಾದೆ. ಗೆಳತಿಗೆ ಹೇಳಿ, ಬೇಡವೆಂದರೂ ಬಿಡದೆ, ಮನೆಯಲ್ಲಿದ್ದ ಅವ್ವನ ಫೋನನ್ನು ಅವಳ ಮುಂದೆ ಹಿಡಿಸಿದೆ. ಈ ಸಲ ರೂಢಿ ಮುರಿದು ತಂಗಿಯ ಭುಜಕ್ಕೆ ಭುಜ ತಾಗಿಸಿ ಕೂತು ನೋಡಿದೆ. ಅವ್ವನ ಮುಖ ಬಂತು. ತಂಗಿ ಕೈ ಎತ್ತಿದಳು. ಅಷ್ಟರಲ್ಲಿ ಪರದೆಯ ಮೇಲೆ ಅವ್ವನ ಚಿತ್ರ ನಿಂತುಬಿಟ್ಟಿತು. ರೆಪ್ಪೆ ಕೆಳಗಿಳಿದಿತ್ತು, ತುಟಿ ಬಿಗಿದಿತ್ತು. ಫೋನಿನ ಪರದೆ ನೋಡುವವರು ಕಣ್ಣು ತಗ್ಗಿಸಿಯೇ ನೋಡುತ್ತಾರೆ, ಕೈಯಾಡುತ್ತಿರುವಾಗ ಅದು ಯಾರ ಗಮನಕ್ಕೂ ಬಾರದು. ನಿಂತ ಚಿತ್ರದಲ್ಲಿ ಅದು ಮುಚ್ಚಿದ ಕಣ್ಣೇ. ಪರದೆಯ ಕೆಳಗೆ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಸಂಪರ್ಕ ದುರ್ಬಲವಾಗಿದೆ ಎಂದು ಬರೆದಿತ್ತು. ಅದು ಓದಲು ಬಾರದ ಇಬ್ಬರ ಮುಂದೆ ದಿನಾಲೂ ಹಾಗೆ ಬರೆದುಕೊಂಡು ಹೋಗಿತ್ತು. ನಾನು ನನ್ನ ಮೊಬೈಲಿನಿಂದ ಗೆಳತಿಗೆ ಕರೆ ಮಾಡಿದೆ. ಅಲ್ಲಿ ಏನು ಕಾಣುತ್ತಿದೆ ಎಂದು ಕೇಳಿದೆ.

"ನಿಮ್ಮ ತಂಗಿ ಮಾರಿ ಐತ್ರಿ, ಅಲ್ಲಾಡವಲ್ದು. ಕಣ್ ಮುಚ್ಕೊಂಡಂಗ ಐತಿ."

ತಂಗಿ ನನ್ನ ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು, ಎರಡೂ ಕೈ ಆಡಿಸುತ್ತ, ತಪ್ಪಾಯಿತು ತಪ್ಪಾಯಿತು ಎನ್ನುತ್ತಿದ್ದಳು.

ಗೆಳತಿಯ ಫೋನನ್ನೇ ಅವ್ವನ ಕಿವಿಗೆ ಕೊಡಿಸಿದೆ. ಅವ್ವ, ಆಕೆ ಕಣ್ಣು ಮುಚ್ಚಿಲ್ಲ, ಆ ಜಗಳದ ದಿನ ಬಿಟ್ಟರೆ ಒಂದು ದಿನವೂ ಮುಚ್ಚಿಲ್ಲ, ನೆಟ್ ನಿಂತುಬಿಡುತ್ತಿದೆ, ಇಲ್ಲಿ ನೀನೂ ಕಣ್ಣು ಮುಚ್ಚಿದ ಹಾಗೆ ಕಾಣುತ್ತೀ ಎಂದು ಒಂದೇ ಉಸಿರಿಗೆ ಹೇಳಿದೆ. ಪಡಸಾಲೆಯಲ್ಲಿ ತಂಗಿಯ ಮಾವ ಹಚ್ಚಿಕೊಂಡಿದ್ದ ಸಿನಿಮಾದಲ್ಲಿ ಹಾಡು ಶುರುವಾಗಿತ್ತು, ಮನೆ ತುಂಬ ಅದರದೇ ಸದ್ದು.

"ಅದೇನ ಹಾಡು?" ಎಂದಳು ಅವ್ವ.

"ಸಿನಿಮಾ ಹಚ್ಯಾರವ್ವ."

"ಅದೇ ನೆಟ್ಟಿನ್ಯಾಗ?"

"ಹೂಂ."

"ನೆಟ್ ನಿಂತಿದ್ರ ಸಿನಿಮಾ ಹೆಂಗ ನಡಿತೈತಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮಿಬ್ರನ್ನ ಒಂದು ಮಾಡಾಕ ಸುಳ್ ಹೇಳ್ತಿ. ನೀ ಸಣ್ಣಾಕಿದ್ದಾಗಿಂದ ಹಂಗ. ಬಿಡವ್ವ, ಆಕಿ ಆರಾಮ ಇರ್ಲಿ."

ಅವಳ ಪ್ರಶ್ನೆ ನ್ಯಾಯವಾಗಿಯೇ ಇತ್ತು, ನನ್ನದೂ ಅದೇ ಪ್ರಶ್ನೆ. ಒಂದೇ ತಂತಿಯಲ್ಲಿ ಒಂದು ಓಡುತ್ತದೆ, ಇನ್ನೊಂದು ಕುಂಟುತ್ತದೆ ಎಂದರೆ ಏನರ್ಥ?

ಅದನ್ನು ತಿಳಿದುಕೊಳ್ಳಬೇಕೆಂದೇ ಸೋಮವಾರ ಬೆಳಿಗ್ಗೆ ಕಂಪ್ಲಿಯಲ್ಲಿ ಇಳಿದು ಕೇಬಲ್ ಕಚೇರಿ ಹುಡುಕಿಕೊಂಡು ಹೋದೆ. ಅದರ ಮಾಲೀಕ ಕೆಟ್ಟವನಲ್ಲ. ಕುರ್ಚಿ ಹಾಕಿಸಿದ, ಚಹಾ ತರಿಸಿದ. ನಾನು ಹೇಳಿದ್ದೆಲ್ಲ ಕೇಳಿ, ಮುಚ್ಚುಮರೆ ಮಾಡದೆ ಹೇಳಿದ.

"ಬೆಳಗ್ಗೆ ಹಚ್ಚಿದ್ರ ನಿಂದ್ರಂಗಿಲ್ರಿ ಮೇಡಂ. ಸಂಜಿ ಮುಂದ ಊರೂರೆಲ್ಲ ಒಮ್ಮೆಲೇ ಕುಂದರ್ತಾವ. ಇರೋ ನೆಟ್ಟು ಸಾಲಂಗಿಲ್ಲ. ಅದಕ್ಕ ಸಿನಿಮಾ, ಮ್ಯಾಚು, ಸೀರಿಯಲ್ಲು ಇವಕ್ಕ ಮೊದಲು ದಾರಿ ಬಿಟ್ಟೀವಿ. ವೇಗ ಅಳಿಯೋದಕ್ಕೂ ಬಿಟ್ಟೀವಿ, ಇಲ್ಲಾಂದ್ರ ಮಂದಿ ಜಗಳಕ್ಕ ಬರ್ತಾರ. ವಿಡಿಯೋ ಕಾಲು, ಉಳಿದದ್ದು ಸ್ವಲ್ಪ ಬಿಗಿ ಹಿಡಿದೀವಿ."

"ಯಾರ್ನ ಕೇಳಿ ಬಿಗಿ ಹಿಡಿದ್ರಿ?"

"ಕೇಳೋದೇನ್ರಿ? ಮ್ಯಾಚ್ ನಿಂತ್ರ ಓಣಿಗೆ ಓಣಿನೇ ನನ್ ಬಾಗಿಲಿಗೆ ಬರ್ತೈತಿ. ವಿಡಿಯೋ ಕಾಲ್ ನಿಂತ್ರ ಯಾರ್ ಬರ್ತಾರ? ಧ್ವನಿ ಬರ್ತಿರ್ತೈತಿ, ಮಾತಾಡಿ ಇಡ್ತಾರ. ಚಿತ್ರ ನಿಂತೈತಿ ಅಂತ ಬಂದೋರು ನೀವೇ ಮೊದಲು."

ಅವನ ಮಾತು ಕೇಳುತ್ತಿದ್ದಂತೆ ನನಗೆ ನಮ್ಮ ಕಚೇರಿಯೇ ಕಣ್ಣಿಗೆ ಕಟ್ಟಿತು. ಕಾಲುವೆಯ ಕೊನೆಯ ರೈತರು ಬಂದು ನೀರು ಬಂದಿಲ್ಲ ಎಂದಾಗ ನಮ್ಮವರು ಹೇಳುವುದೂ ಇದನ್ನೇ. ಡ್ಯಾಮಿನಿಂದ ಪೂರ್ತಿ ಬಿಟ್ಟಿದ್ದೇವೆ, ಬೇಕಿದ್ದರೆ ಕಾಲುವೆ ಶುರುವಾಗುವಲ್ಲಿನ ಅಳತೆಗೋಲು ನೋಡಿ ಎನ್ನುತ್ತಾರೆ. ಅಳತೆಗೋಲು ತುಂಬಿರುತ್ತದೆ, ಮೇಲಿನ ಗದ್ದೆಗಳು ತುಂಬಿರುತ್ತವೆ. ಕೊನೆಯವನ ಮಡಿ ಒಣಗಿರುವುದು ಅಳತೆಗೋಲಿಗೆ ಕಾಣುವುದಿಲ್ಲ. ಯಾವ ನೀರಾದರೂ ಸರಿ, ನಡುದಾರಿಯಲ್ಲಿ ನಿಂತವನು ಇದು ಇವರಿಗೆ ಮೊದಲು, ಅದು ಅವರಿಗೆ ಆಮೇಲೆ ಎಂದು ತನ್ನಷ್ಟಕ್ಕೆ ತೂಬು ತಿರುಗಿಸುವಂತಿಲ್ಲ ಎಂಬುದಕ್ಕೆ ಕಾಲುವೆಯಲ್ಲೂ ನಿಯಮವಿದೆ, ಇಂಟರ್ನೆಟ್ಟಿಗೂ ಇದೆ. ಅದನ್ನು ಅಂತರ್ಜಾಲದ ತಟಸ್ಥತೆ ಎನ್ನುತ್ತಾರೆ. ಪತ್ರಿಕೆಯಲ್ಲಿ ಆ ಪದ ಕಂಡಾಗಲೆಲ್ಲ ಇದು ದೊಡ್ಡ ದೊಡ್ಡ ಕಂಪನಿಗಳ ಜಗಳ ಎಂದುಕೊಂಡು ಪುಟ ತಿರುಗಿಸಿದ್ದೆ. ಅದು ನಮ್ಮ ಮನೆಯ ಎರಡು ಮಂಚಗಳ ನಡುವಿನ ವಿಷಯ ಎಂದು ಯಾರೂ ಬರೆದಿರಲಿಲ್ಲ.

"ಹಿಂಗ ಮಾಡಂಗಿಲ್ಲ ಅಂತ ನಿಯಮ ಐತಿ," ಎಂದೆ. ನನ್ನ ದನಿ ಏರಿತ್ತು, ಎದುರಿನ ಅಂಗಡಿಯವರು ತಿರುಗಿ ನೋಡಿದರು.

"ಇರ್ಲಿ ಬಿಡ್ರಿ ಮೇಡಂ, ಸಿಟ್ ಆಗಬ್ಯಾಡ್ರಿ. ಮೊದಲೇ ಒಂದ್ ಮಾತು ಹೇಳಿದ್ರ ನಿಮ್ಮ ತಂಗೇರ ಲೈನ್ ಒಂದನ್ನ ತೆರದು ಬಿಡ್ತಿದ್ದೆ. ಅದೇನ್ ದೊಡ್ಡ ಕೆಲಸಲ್ಲ. ಇವತ್ತು ಸಂಜಿಯಿಂದ ನೋಡ್ರಿ, ಗಾಜಿನಂಗ ಬರ್ತೈತಿ." ಅಲ್ಲೇ ಕಂಪ್ಯೂಟರಿನ ಮುಂದೆ ಕೂತು ಏನೋ ಒತ್ತಿದ. ಅಷ್ಟೇ. ಅವ್ವ ಅಷ್ಟು ಸಂಜೆ ಕಾದು ಕಾದು ಸೋತದ್ದಕ್ಕೆ ಪರಿಹಾರ ಅಲ್ಲಿ ಒಂದು ಬೆರಳಿನ ಕೆಲಸವಾಗಿತ್ತು. ಸಾಲದ್ದಕ್ಕೆ ಅದು ಅವನು ನನಗೆ ಮಾಡಿದ ಉಪಕಾರ, ನಾನು ಥ್ಯಾಂಕ್ಸ್ ಹೇಳಬೇಕು. ಹೇಳಿದೆ. ಅವ್ವನಿಗೆ ಸಂಜೆ ಮಗಳ ಮುಖ ಕಾಣಬೇಕಿತ್ತು, ಅದಕ್ಕಾಗಿ ಯಾರಿಗೆ ಬೇಕಾದರೂ ಥ್ಯಾಂಕ್ಸ್ ಹೇಳುತ್ತಿದ್ದೆ.

ಬಸ್ಸಿನಲ್ಲಿ ನಾನು ಸಂಜೆಯ ಲೆಕ್ಕಾಚಾರದಲ್ಲೇ ಇದ್ದೆ. ಅವ್ವ ಬೇಡ ಎಂದರೂ ಫೋನು ಮುಂದೆ ಹಿಡಿಯುವುದು, ತಂಗಿಯ ಕೈ ಒಂದು ಸಲ ನಿಲ್ಲದೆ ಆಡುವುದನ್ನು ಕಂಡರೆ ಸಾಕು, ನಂಬುತ್ತಾಳೆ. ಕಮಲಾಪುರ ದಾಟುವಾಗ ಗೆಳತಿಯ ಫೋನು ಬಂತು. ಅವ್ವನಿಗೆ ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡಿತು, ಹೊಸಪೇಟೆಯ ಆಸ್ಪತ್ರೆಗೆ ತಂದಿದ್ದೇವೆ ಎಂದಳು. ಹಿಂದಿನಿಂದ ಯಾರೋ ಜಲ್ದಿ ಬರಾಕ ಹೇಳ್ರಿ ಎನ್ನುತ್ತಿದ್ದರು. ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಹಳ ದಿನ ಮಲಗಿದ್ದವರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದುಂಟು, ಓಡಾಡಿಸಬೇಕಿತ್ತು ಎಂದರು ಡಾಕ್ಟರು. ವ್ಯಾಯಾಮದಾಕೆಯನ್ನು ನಾಳೆ ಬಾ ಎಂದು ಕಳಿಸಿದ್ದು ನನಗೆ ನೆನಪಾಯಿತು. ಸಿನಿಮಾಕ್ಕೆ ದಾರಿ ಬಿಟ್ಟವನು ನನ್ನ ಅವ್ವನನ್ನು ಕೊಂದ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆದರೆ ಅವಳು ಬದುಕುವ ಆಸೆ ಬಿಟ್ಟದ್ದು ಯಾವ ಸಂಜೆಗಳಲ್ಲಿ ಎಂಬುದು ನನಗೆ ಗೊತ್ತು.

ಅವ್ವನನ್ನು ಕ್ವಾರ್ಟರ್ಸಿಗೆ ತಂದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದೆವು. ಮಣ್ಣು ಮಾಡುವುದು ಮರುದಿನ. ತಂಗಿಯನ್ನು ಕರೆತರುವಂತಿರಲಿಲ್ಲ. ಆಕೆ ಬರುತ್ತೇನೆಂದು ಮಂಚದಿಂದ ಇಳಿದಿದ್ದಳಂತೆ, ಗಂಡ ಕೈಮುಗಿದು ಮಲಗಿಸಿದ್ದ. ಸಂಜೆ ಅವಳ ಕರೆ ಬಂತು. ನಾನು ಫೋನು ಎತ್ತಿ ಅವ್ವನ ಮುಖ ತೋರಿಸಿದೆ. ನೆರೆದ ಜನರನ್ನು, ಹೂವನ್ನು, ದೀಪವನ್ನು ತೋರಿಸಿದೆ. ಕೇಬಲ್ಲಿನವನು ಮಾತು ಉಳಿಸಿಕೊಂಡಿದ್ದ. ಅವನು ಹೇಳಿದ ಹಾಗೆ ಗಾಜಿನಂತೆಯೇ ಬರುತ್ತಿತ್ತು. ತಂಗಿಯ ಗಲ್ಲದ ಮೇಲಿನ ನೀರು, ಉಗುರಿನ ಬಣ್ಣ, ಹಿಂದೆ ಗೋಡೆಯ ಮೇಲಿನ ಕ್ಯಾಲೆಂಡರು, ಎಲ್ಲ ಕಾಣುತ್ತಿತ್ತು.

ಬಹಳ ಹೊತ್ತು ನೋಡಿದ ಮೇಲೆ ಫೋನನ್ನು ನಿನ್ನ ಕಡೆ ತಿರುಗಿಸು ಎಂದಳು. ತಿರುಗಿಸಿದೆ. ನೆಟ್ಟಿನ ತಪ್ಪು ಎಂದು ಅವ್ವನಿಗೆ ಹೇಳಿದೆಯಲ್ಲ, ನಿನ್ನೆ ನನ್ನ ಮುಂದೆಯೇ ಹೇಳಿದೆಯಲ್ಲ, ಅವಳು ಏನೆಂದಳು ಎಂದು ಕೇಳಿದಳು. ನಿನ್ನೆ ಅವ್ವನ ದನಿ ಬರೀ ನನ್ನ ಕಿವಿಗೆ ಬಿದ್ದಿತ್ತು. ಅವಳು ಪಕ್ಕದಲ್ಲೇ ಕೂತಿದ್ದರೂ ಅವಳಿಗೆ ತಿಳಿದಿರಲಿಲ್ಲ, ನಾನೂ ಹೇಳಿರಲಿಲ್ಲ. ಲೈನು ಸರಿಯಾದರೆ ಎಲ್ಲ ಸರಿಹೋಗುತ್ತದೆಂದುಕೊಂಡಿದ್ದೆ.

ಅವಳು ಮತ್ತೆ ಕೇಳಿದಳು. ಅವ್ವ ನಂಬಿದಳಾ?

ನಂಬಿದಳು ಎಂದೆ. ಒಂದು ಕೈಯಲ್ಲಿ ಫೋನು ಹಿಡಿದಿದ್ದೆ, ಇನ್ನೊಂದು ಕೈಯಲ್ಲಿ ಹೇಳಿದೆ. ಚಿತ್ರ ಆಗಲಾದರೂ ನಿಲ್ಲಲಿ ಎಂದು ಬೇಡಿಕೊಂಡೆ. ನಿಲ್ಲಲಿಲ್ಲ. ತಂಗಿ ನನ್ನ ಕೈಯನ್ನು, ಆಮೇಲೆ ನನ್ನ ಮುಖವನ್ನು, ಸ್ಪಷ್ಟವಾಗಿ ನೋಡಿದಳು.